ತೋಟದ ದಾರಿಯ ಕೊನೇ 3 ಕಿಲೋಮೀಟರಿಗೆ ಯಾವ ಗಾಡಿ?

ಪ್ರಶ್ನೆ: ಸರ್, ನಾವು ಬೆಂಗಳೂರಿನಲ್ಲಿದ್ದೇವೆ. ಮೂಡಿಗೆರೆ ತಾಲ್ಲೂಕಿನಲ್ಲಿ ಅಪ್ಪ ಬಿಟ್ಟುಹೋದ 9 ಎಕರೆ ಕಾಫಿ ತೋಟ ಇದೆ. ತಿಂಗಳಿಗೆ ಎರಡು ಸಲ ಹೋಗಿ ಬರುತ್ತೇವೆ. ಡಾಂಬರು ಬಿಟ್ಟ ಮೇಲೆ 3 ಕಿ.ಮೀ. ಮಣ್ಣು ದಾರಿ. ಮಧ್ಯೆ ಒಂದು ಸಣ್ಣ ಹಳ್ಳ, ದಾಟಿದ ಕೂಡಲೇ ಕಡಿದಾದ ಏರು, ಏರಿನಲ್ಲೇ ತಿರುವು. ಈಗಿರುವ ಸಣ್ಣ ಕಾರು ಜೂನ್‌ನಿಂದ ಅಕ್ಟೋಬರ್ ತನಕ ಹತ್ತುವುದಿಲ್ಲ. ಹಳ್ಳದ ಈಚೆ ನಿಲ್ಲಿಸಿ ನಡೆಯುತ್ತೇವೆ. ಜೊತೆಗೆ ಹೆಂಡತಿ, 10 ವರ್ಷದ ಮಗ, ಮಂಡಿ ನೋವಿರುವ 68 ವರ್ಷದ ಅಮ್ಮ. ಒಂದೇ ಗಾಡಿ ಇಟ್ಟುಕೊಳ್ಳಲು ಸಾಧ್ಯ, ಆನ್‌ರೋಡ್ 18 ಲಕ್ಷ ದಾಟಬಾರದು. ಸ್ನೇಹಿತರು ಮಹೀಂದ್ರ ಥಾರ್ ಅನ್ನುತ್ತಾರೆ, ಹೆಂಡತಿ ಮಾರುತಿ ಜಿಮ್ನಿ ಅನ್ನುತ್ತಾಳೆ, ತೋಟದ ಉಸ್ತುವಾರಿ ನೋಡುವ ರೈಟರು ಹಳೇ ಜೀಪು ತಗೊಳ್ಳಿ ಅನ್ನುತ್ತಾರೆ. ಯಾವುದು ಸರಿ? ಆಟೋಮ್ಯಾಟಿಕ್ಕಾ, ಮ್ಯಾನ್ಯುಯಲ್ಲಾ? ಅಮ್ಮ ಹತ್ತಿ ಇಳಿಯುವುದು ಹೇಗೆ?

ಉತ್ತರ: ಗಾಡಿ ಕೇಳಿ ಬರೆಯುವವರು ಬಜೆಟ್ ಬರೆಯುತ್ತಾರೆ, ಬಣ್ಣ ಕೂಡ ಬರೆಯುತ್ತಾರೆ. ದಾರಿಯ ಬಗ್ಗೆ ಒಂದು ಸಾಲೂ ಇರುವುದಿಲ್ಲ. ನೀವು ಹಳ್ಳ, ಏರು, ಏರಿನಲ್ಲೇ ತಿರುವು ಅಂತ ಬರೆದಿದ್ದೀರಿ. ಅರ್ಧ ಉತ್ತರ ಅಲ್ಲೇ ಇದೆ.

ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ಮನೆಯವರು ಹೇಳಿದ್ದೇ ಸರಿ. ಐದು ಬಾಗಿಲಿನ ಜಿಮ್ನಿ ನಿಮಗೆ ಹೊಂದುತ್ತದೆ. ಆದರೆ ಬುಕ್ ಮಾಡುವ ಮೊದಲು ಒಂದು ಮಳೆಯ ದಿನ ಟೇಪು ಹಿಡಿದುಕೊಂಡು ಆ ದಾರಿಯಲ್ಲಿ ನಡೆಯಬೇಕು. ಗಾಡಿಗೆ ಅಂತ ಇಟ್ಟ ದುಡ್ಡಿನಲ್ಲಿ ಸ್ವಲ್ಪವನ್ನು ಆ ಏರಿಗೇ ಹಾಕಬೇಕು. ಯಾಕೆ ಅಂತ ನಿಧಾನವಾಗಿ ನೋಡೋಣ.

ಲೆಕ್ಕ ಹಾಕಿ. ಹಾಸನ, ಬೇಲೂರು ಮೇಲೆ ಮೂಡಿಗೆರೆಗೆ ಸುಮಾರು 250 ಕಿ.ಮೀ. ಹೋಗಿ ಬರಲು 500 ಕಿ.ಮೀ. ಡಾಂಬರು, 6 ಕಿ.ಮೀ. ಮಣ್ಣು. ಆ ಮಣ್ಣು ದಾರಿಯಲ್ಲೂ ನಿಮ್ಮ ಕಾರು ನಿಲ್ಲುವುದು ಹಳ್ಳದಿಂದ ತಿರುವಿನ ತುದಿ ತನಕ, ಅಂದರೆ 70–80 ಮೀಟರ್ ಇರಬಹುದು. ನೀವು ಗಾಡಿ ಹುಡುಕುತ್ತಿರುವುದು ಆ 80 ಮೀಟರಿಗೆ. ಉಳಿದದ್ದಕ್ಕೆಲ್ಲ ಈಗಿನ ಕಾರೇ ಸಾಕು. ಇದನ್ನು ತಲೆಯಲ್ಲಿಟ್ಟುಕೊಂಡರೆ ಶೋರೂಮಿನಲ್ಲಿ ಯಾರೂ ನಿಮ್ಮನ್ನು ಅಲ್ಲಾಡಿಸಲು ಆಗುವುದಿಲ್ಲ.

ಈಗ ಟೇಪಿನ ವಿಷಯ. ದಾರಿಯ ಅತಿ ಕಿರಿದಾದ ಜಾಗ ಎಷ್ಟು ಅಗಲ ಇದೆ ಅಂತ ಅಳೆಯಿರಿ. ಸಾಮಾನ್ಯವಾಗಿ ಅದು ತೋಟದ ಗೇಟಿನ ಎರಡು ಕಲ್ಲುಕಂಬಗಳ ಮಧ್ಯೆ ಇರುತ್ತದೆ, ಇಲ್ಲಾ ಒಂದು ಕಡೆ ಬರೆ, ಅಂದರೆ ಕಡಿದ ಮಣ್ಣಿನ ಗೋಡೆ, ಇನ್ನೊಂದು ಕಡೆ ಚರಂಡಿ ಇರುವ ಕಡೆ. ಸಿಲ್ವರ್ ಓಕ್ ಮರ ದಾರಿಗೆ ಬಾಗಿದ್ದರೆ ಅದನ್ನೂ ಬಿಡಬೇಡಿ. ಗಾಲಿ ಜಾಡಿನ ನಡುವೆ ದಿಣ್ಣೆ ಎದ್ದಿದೆಯಲ್ಲ, ಜಾಡಿನ ತಳದಿಂದ ಅದರ ಎತ್ತರ ಎಷ್ಟು ನೋಡಿ. ಟ್ರಾಕ್ಟರ್ ಓಡಾಡುವ ದಾರಿಯಾದರೆ ಇದು ಒಂದು ಗೇಣು ದಾಟಿರುತ್ತದೆ. ತಿರುವಿನಲ್ಲಿ ರೈಟರನ್ನು ಕೇಳಿ: ಪಿಕಪ್ಪು ಒಂದೇ ಸಲಕ್ಕೆ ತಿರುಗುತ್ತದಾ, ರಿವರ್ಸ್ ಹಾಕಬೇಕಾ? ಈ ಒಂದು ಪ್ರಶ್ನೆಗೆ ಸಿಗುವ ಉತ್ತರ ಹತ್ತು ವಿಡಿಯೋ ನೋಡಿದರೂ ಸಿಗುವುದಿಲ್ಲ.

ಇದು ಆದ ಮೇಲೆ ಗಾಡಿಯ ಒಳಗಿನ ವಿಷಯಕ್ಕೆ ಬರಬಹುದು.

ನಾಲ್ಕೂ ಗಾಲಿ ತಿರುಗುವ ಗಾಡಿಗಳಲ್ಲಿ ಎರಡು ಜಾತಿ. ಆಲ್ ವೀಲ್ ಡ್ರೈವ್ ಅಂತ ಬರುವ ಕಾರುಗಳು ಮೂಲತಃ ಮುಂದಿನ ಗಾಲಿಯವು. ಮುಂದಿನದು ಜಾರಿದಾಗ ಕ್ಲಚ್ಚಿನ ಮೂಲಕ ಹಿಂದಿನ ಗಾಲಿಗೂ ಸ್ವಲ್ಪ ಶಕ್ತಿ ಹೋಗುತ್ತದೆ. ಮಳೆಯ ಹೈವೇಗೆ, ಹುಲ್ಲಿನ ಮೈದಾನಕ್ಕೆ ಒಳ್ಳೆಯದು. ನಿಮ್ಮ ಏರಿಗೆ ಅಲ್ಲ. ಯಾಕೆಂದರೆ ಇವುಗಳಲ್ಲಿ ಸಾಮಾನ್ಯವಾಗಿ ಲೋ ಗೇರ್ ಇರುವುದಿಲ್ಲ. ಇನ್ನೊಂದು ಜಾತಿ, ಜೀಪಿನದು. ಟ್ರಾನ್ಸ್‌ಫರ್ ಕೇಸ್ ಅಂತ ಬೇರೆಯೇ ಒಂದು ಡಬ್ಬಿ ಇರುತ್ತದೆ, ಅದಕ್ಕೊಂದು ಗಿಡ್ಡ ಲಿವರು. ಹೈಯಲ್ಲಿ ಹಾಕಿದರೆ ಮುಂದೆ ಹಿಂದೆ ಎರಡೂ ಆಕ್ಸಲ್ ಒಟ್ಟಿಗೆ ತಿರುಗುತ್ತವೆ. ಲೋ ಹಾಕಿದರೆ ವೇಗ ಇಳಿದು ಅದೇ ಲೆಕ್ಕಕ್ಕೆ ಎಳೆಯುವ ಶಕ್ತಿ ಏರುತ್ತದೆ. ಜಿಮ್ನಿಯಲ್ಲಿ ಈ ಲೋ ಹೆಚ್ಚುಕಡಿಮೆ 2 ಪಟ್ಟು, ಥಾರ್‌ನಲ್ಲಿ ಸುಮಾರು 2.5 ಪಟ್ಟು. 134 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಶಕ್ತಿ, ಇರುವ ಜಿಮ್ನಿ ಪೇಪರಿನಲ್ಲಿ ಬಡಕಲಾಗಿ ಕಾಣುತ್ತದೆ. ಲೋ ಹಾಕಿದ ಮೇಲೆ ಅದೇ ಎಂಜಿನ್ ಗಾಲಿಗೆ ಎರಡರಷ್ಟು ಕೊಡುತ್ತದೆ. ಅಷ್ಟೇ ಮುಖ್ಯ, ಗಾಡಿ ಮನುಷ್ಯ ನಡೆಯುವ ವೇಗದಲ್ಲಿ ಹತ್ತುತ್ತದೆ. ಹಾಫ್ ಕ್ಲಚ್ಚಿನಲ್ಲಿ ಉಸಿರು ಬಿಗಿಹಿಡಿದು ಕೂರುವ ಕೆಲಸ ಇಲ್ಲ.

ನಾನೇ ಕಣ್ಣಾರೆ ನೋಡಿದ್ದು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಪರಿಚಯದವರೊಬ್ಬರು ಹೊಸ ಆಲ್ ವೀಲ್ ಡ್ರೈವ್ ಕಾರು ತಂದು ನಮ್ಮ ತೋಟದ ಏರಿಗೆ ಬಿಟ್ಟರು. ಕಂಪನಿ ಹೆಸರು ಬೇಡ, ಕಾರಿನ ತಪ್ಪೂ ಅಲ್ಲ. ಮಧ್ಯದಲ್ಲಿ ಒಂದು ಕೊರಕಲು. ಮುಂದಿನ ಎಡಗಾಲಿ ಗಾಳಿಯಲ್ಲಿ, ಹಿಂದಿನ ಬಲಗಾಲಿ ಗಾಳಿಯಲ್ಲಿ. ಎರಡೂ ಬುಗುರಿಯ ಹಾಗೆ ತಿರುಗುತ್ತಿವೆ, ನೆಲದ ಮೇಲಿರುವ ಎರಡು ಗಾಲಿ ಸುಮ್ನೆ ಕೂತಿವೆ. ಎಂಜಿನ್ನಿನ ಶಕ್ತಿಯನ್ನು ಎಡ, ಬಲ ಗಾಲಿಗೆ ಹಂಚುವ ಗೇರು, ಡಿಫರೆನ್ಷಿಯಲ್‌ನ ಗುಣವೇ ಅದು: ಎಡಬಲಗಳಲ್ಲಿ ಯಾವ ಗಾಲಿ ಸುಲಭವಾಗಿ ತಿರುಗುತ್ತದೋ ಅದನ್ನೇ ತಿರುಗಿಸುತ್ತದೆ. ಎರಡು ನಿಮಿಷದಲ್ಲಿ ಸುಟ್ಟ ವಾಸನೆ ಬಂತು. ಡ್ಯಾಶ್‌ಬೋರ್ಡಿನಲ್ಲಿ ಬಿಸಿಯಾಯಿತು ಅನ್ನುವ ದೀಪ ಹತ್ತಿತು, ಹಿಂದಿನ ಗಾಲಿಗೆ ಬರುವ ಶಕ್ತಿಯೂ ನಿಂತಿತು. ಕೊನೆಗೆ ಪಕ್ಕದ ತೋಟದ ಟ್ರಾಕ್ಟರ್ ಬಂದು ಎಳೆಯಿತು.

ಆದ್ದರಿಂದ ಗಾಡಿ ನೋಡುವಾಗ ಕೇಳಬೇಕಾದ ಪ್ರಶ್ನೆ ಇದು: ಒಂದು ಗಾಲಿ ಎದ್ದಾಗ ಇನ್ನೊಂದಕ್ಕೆ ಶಕ್ತಿ ಹೇಗೆ ಹೋಗುತ್ತದೆ? ಇದಕ್ಕೆ ಎರಡು ಉಪಾಯ ಇವೆ. ಒಂದು, ಡಿಫರೆನ್ಷಿಯಲ್ಲನ್ನೇ ಲಾಕ್ ಮಾಡುವುದು. ಫೋರ್ಸ್ ಗೂರ್ಖಾದಲ್ಲಿ ಮುಂದೆ ಹಿಂದೆ ಎರಡಕ್ಕೂ ಇದೆ, ಥಾರ್‌ನ ಕೆಲವು ವೇರಿಯಂಟ್‌ಗಳಲ್ಲಿ ಹಿಂದಿನದಕ್ಕೆ ಇದೆ. ಇನ್ನೊಂದು, ತಿರುಗುವ ಗಾಲಿಗೆ ಮಾತ್ರ ಗಾಡಿಯೇ ಬ್ರೇಕ್ ಹಾಕುವುದು. ಜಿಮ್ನಿಯಲ್ಲಿ ಇರುವುದು ಇದು. ಒಂದು ಕಿವಿಮಾತು. ಈ ಬ್ರೇಕ್ ಉಪಾಯ ಕೆಲಸ ಮಾಡಬೇಕಾದರೆ ಗಾಲಿ ಮೊದಲು ಸ್ವಲ್ಪ ತಿರುಗಲೇಬೇಕು. ಹೊಸಬರು ಗಾಲಿ ತಿರುಗಿದ ಸದ್ದು ಕೇಳಿದ ಕೂಡಲೇ ಹೆದರಿ ಆಕ್ಸಿಲರೇಟರ್ ಬಿಡುತ್ತಾರೆ. ಬಿಡಬಾರದು. ಒಂದೇ ಸಮ ಒತ್ತಿ ಹಿಡಿದಿರಿ. ಕೆಳಗೆ ಕಟಕಟ ಅಂತ ಸದ್ದು ಬರುತ್ತದೆ, ಒಂದೆರಡು ಸೆಕೆಂಡಿನಲ್ಲಿ ಗಾಡಿ ಹೆಗಲು ಅಲ್ಲಾಡಿಸಿದ ಹಾಗೆ ಮಾಡಿ ಮೇಲೆದ್ದು ಬರುತ್ತದೆ.

ಗ್ರೌಂಡ್ ಕ್ಲಿಯರೆನ್ಸ್, ಅಂದರೆ ಗಾಡಿಯ ತಳ ನೆಲದಿಂದ ಎಷ್ಟು ಎತ್ತರ ಅನ್ನುವುದರ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ, ಆದರೆ ಅರ್ಥ ಮಾಡಿಕೊಳ್ಳಿ. ಜಿಮ್ನಿಗೆ 210 ಮಿಲಿಮೀಟರ್, ಥಾರ್‌ಗೆ 226. ಈಗ ಮಾಮೂಲಿ ಕಾರುಗಳೂ 200ರ ಆಸುಪಾಸು ಹೇಳುತ್ತವೆ, ಹಾಗಾದರೆ ವ್ಯತ್ಯಾಸ ಏನು ಅನ್ನಿಸುತ್ತದೆ, ಅಲ್ವಾ? ಕಾರಿನಲ್ಲಿ ಆ ಅಳತೆ ಜನ, ಸಾಮಾನು ತುಂಬಿದಂತೆ ಇಳಿಯುತ್ತದೆ. ಜಿಮ್ನಿಯಲ್ಲಿ ಮುಂದೆ ಹಿಂದೆ ಎರಡೂ ಕಡೆ ಒಂದೇ ದಂಡದ ಗಟ್ಟಿ ಆಕ್ಸಲ್. ಅದರ ಮಧ್ಯದ ಉಂಡೆ, ನಮ್ಮ ಮೆಕ್ಯಾನಿಕ್‌ಗಳು ಹೌಸಿಂಗ್ ಅನ್ನುವುದು, ನೆಲದಿಂದ ಎಷ್ಟು ಎತ್ತರ ಅನ್ನುವುದನ್ನು ಟೈರು ಮಾತ್ರ ನಿರ್ಧರಿಸುತ್ತದೆ. ನಾಲ್ಕು ಮೂಟೆ ಹೇರಿದರೂ ಅದು ಇಳಿಯುವುದಿಲ್ಲ. ಹಾಗಂತ ಅದಕ್ಕೊಂದು ಕಾಟವೂ ಇದೆ. ಜಾಡಿನ ನಡುವಿನ ದಿಣ್ಣೆಗೆ ಮೊದಲು ತಾಗುವುದು ಅದೇ ಹೌಸಿಂಗ್. ನೀವು ಅಳೆದ ದಿಣ್ಣೆ 20 ಸೆಂಟಿಮೀಟರ್ ದಾಟಿದ್ದರೆ ಜಾಡಿನೊಳಗೆ ಇಳಿಯಲೇ ಬಾರದು. ಒಂದು ಗಾಲಿ ದಿಣ್ಣೆಯ ಮೇಲೆ, ಇನ್ನೊಂದು ದಾರಿಯ ಅಂಚಿಗೆ. ಊರಿನ ಜೀಪಿನವರು ಓಡಿಸುವುದನ್ನು ನೋಡಿ, ಹೀಗೇ ಹೋಗುತ್ತಾರೆ. ಇದಕ್ಕೂ ಗಾಡಿ ಸಪೂರ ಇದ್ದಷ್ಟು ಒಳ್ಳೆಯದು.

ಎಲ್ಲಕ್ಕಿಂತ ಮುಂದೆ ಬರಬೇಕಾದದ್ದು ಟೈರು. ಅದನ್ನು ಇಷ್ಟು ಹೊತ್ತು ತಡೆದಿದ್ದೇ ಆಶ್ಚರ್ಯ.

ಒಂದು ಆಗಸ್ಟ್ ತಿಂಗಳು. ನನ್ನ ಹಳೇ ಎಂಎಂ 540 ಜೀಪು ಫೋರ್ ವೀಲ್ ಹಾಕಿಕೊಂಡೇ ಗೊಬ್ಬರದ ಶೆಡ್ಡಿನ ಮುಂದಿನ ಏರಿನಲ್ಲಿ ಜಾರಿ ಜಾರಿ ಹಿಂದೆ ಬರುತ್ತಿತ್ತು. ಟೈರಿನ ಹೂವು ಸವೆದು ಬೋಳಾಗಿತ್ತು, ಈ ಮಳೆಗಾಲ ಕಳೆಯಲಿ ಅಂತ ನಾನೇ ಮುಂದೂಡಿದ್ದೆ. ಅಷ್ಟರಲ್ಲಿ ಹಾಲಿನ ಪಿಕಪ್ಪು ಬಂತು. ಬರೀ ಹಿಂದಿನ ಎರಡು ಗಾಲಿಯ ಗಾಡಿ. ಹಿಂದೆ ಭಾರ ಇತ್ತು, ಹಿಂದಿನ ಟೈರಿಗೆ ಕಬ್ಬಿಣದ ಚೈನು ಸುತ್ತಿತ್ತು. ಹುಡುಗ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು, ನನ್ನನ್ನು ನೋಡಿ ನಗುತ್ತಾ, ಪಕ್ಕದಲ್ಲೇ ಹತ್ತಿಸಿಕೊಂಡು ಹೋದ. ಆ ನಗು ಇನ್ನೂ ನೆನಪಿದೆ. ಎಂಜಿನ್, ಗೇರು, ಲಾಕು ಎಲ್ಲ ಸೇರಿ ಮಾಡುವ ಕೆಲಸ ನೆಲಕ್ಕೆ ಮುಟ್ಟುವುದು ಅಂಗೈ ಅಗಲದ ನಾಲ್ಕು ತುಂಡು ರಬ್ಬರಿನ ಮೂಲಕ.

ಶೋರೂಮಿನಿಂದ ಬರುವ ಟೈರು ಹೆಚ್ಚಾಗಿ ಡಾಂಬರು ರಸ್ತೆಯದು. ಅದರ ಬದಲು ಡಾಂಬರು, ಮಣ್ಣು ಎರಡಕ್ಕೂ ಆಗುವ ಆಲ್ ಟೆರೇನ್ ಟೈರು ಹಾಕಿಸಿ. ಅಳತೆ ಕಂಪನಿ ಕೊಟ್ಟದ್ದೇ ಇರಲಿ, ಜಿಮ್ನಿಗಾದರೆ 195/80 ಆರ್ 15. ದೊಡ್ಡ ದೊಡ್ಡ ಗಡ್ಡೆಯ ಮಡ್ ಟೆರೇನ್ ಟೈರು ನೋಡಲು ಚೆಂದ, ನಿಮಗೆ ಬೇಡ. ಒದ್ದೆ ಡಾಂಬರಿನಲ್ಲಿ ಬ್ರೇಕ್ ಹಾಕಿದಾಗ ಅದು ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ, ಮೇಲಿಂದ 500 ಕಿ.ಮೀ. ಗುಂಯ್ ಅನ್ನುವ ಸದ್ದು. ನಿಮ್ಮ ಲೆಕ್ಕದಲ್ಲಿ ಡಾಂಬರೇ ಜಾಸ್ತಿ ಅನ್ನುವುದನ್ನು ಮರೆಯಬೇಡಿ.

ಇನ್ನೊಂದು ಪುಕ್ಕಟೆ ಉಪಾಯ, ಗಾಳಿ ಇಳಿಸುವುದು. ಬಾಗಿಲಿನ ಅಂಚಿನಲ್ಲಿ ಒಂದು ಸ್ಟಿಕ್ಕರ್ ಇರುತ್ತದೆ, ಮಾಮೂಲಿ ಒತ್ತಡ ಅದರಲ್ಲಿದೆ. ಮಣ್ಣು ದಾರಿ ಶುರುವಾಗುವ ಕಡೆ ನಿಲ್ಲಿಸಿ 18–20 ಪಿಎಸ್‌ಐಗೆ ಇಳಿಸಿ. ಟೈರು ಉದ್ದಕ್ಕೆ ಹರಡಿಕೊಂಡು ನೆಲವನ್ನು ತಬ್ಬಿಕೊಳ್ಳುತ್ತದೆ. ಕಲ್ಲಿನ ಮೇಲೆ ಕುಲುಕಾಟವೂ ಕಡಿಮೆ, ಅಮ್ಮನ ಮಂಡಿಗೆ ಅದೂ ಒಂದು ಔಷಧಿ. ಆದರೆ ಗಾಳಿ ಇಳಿಸಿಕೊಂಡು ಜೋರಾಗಿ ಓಡಿಸುವಂತಿಲ್ಲ. ಗಂಟೆಗೆ 20–25 ಸಾಕು. ವಾಪಸ್ ಡಾಂಬರಿಗೆ ಬಂದ ಕೂಡಲೇ ತುಂಬಿಸಲೇಬೇಕು, ಇಲ್ಲದಿದ್ದರೆ ಟೈರು ಬಿಸಿಯಾಗಿ ಒಡೆಯಬಹುದು. 12 ವೋಲ್ಟಿನ ಸಣ್ಣ ಕಂಪ್ರೆಸರ್ ಒಂದು ಗಾಡಿಯಲ್ಲೇ ಇರಲಿ. ಹಾಗೆಯೇ ಡಾಂಬರಿಗೆ ಬಂದಾಗ ಫೋರ್ ವೀಲ್ ತೆಗೆದು ಎರಡು ಗಾಲಿಗೆ ಹಾಕಿ. ತಿರುವಿನಲ್ಲಿ ಮುಂದಿನ, ಹಿಂದಿನ ಗಾಲಿಗಳು ಬೇರೆ ಬೇರೆ ದೂರ ಓಡುತ್ತವೆ. ಮಣ್ಣಿನಲ್ಲಾದರೆ ಜಾರಿ ಸರಿಹೋಗುತ್ತದೆ. ಒಣ ಡಾಂಬರಿನಲ್ಲಿ ಜಾರಲು ಆಗದೆ ಗೇರುಗಳ ಮೇಲೆ ತಿರುಚು ಬೀಳುತ್ತದೆ, ಲಿವರ್ ಕಚ್ಚಿಕೊಂಡು ಈಚೆ ಬರುವುದೇ ಇಲ್ಲ.

ಸರಿ, ಈಗ ಒಂದೊಂದೇ ಗಾಡಿ.

ರೈಟರ ಮಾತಿನಿಂದ ಶುರು ಮಾಡೋಣ. ಅವರು ತಪ್ಪು ಹೇಳಿಲ್ಲ. ಮಲೆನಾಡಿನಲ್ಲಿ ಜೀಪು ಅಂದರೆ ಮನೆಯ ಒಬ್ಬ ಸದಸ್ಯ. ಕೊಡಚಾದ್ರಿಯ ಕಲ್ಲು ದಾರಿಯಲ್ಲಿ, ಮಾಂದಲಪಟ್ಟಿಯಲ್ಲಿ ಇವತ್ತಿಗೂ ಜನರನ್ನು ಹತ್ತಿಸುತ್ತಿರುವುದು ಜೀಪುಗಳೇ. ಸುತ್ತಿಗೆ, ಸ್ಪ್ಯಾನರ್ ಹಿಡಿದ ಯಾವ ಮೆಕ್ಯಾನಿಕ್ಕೂ ರಿಪೇರಿ ಮಾಡುತ್ತಾನೆ. ನೀವು ತೋಟದಲ್ಲೇ ಇದ್ದಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಇದ್ದ ಒಂದೇ ಗಾಡಿಯಲ್ಲಿ, ಪಟ್ಟೆ ಸ್ಪ್ರಿಂಗಿನ ಮೇಲೆ, ಏರ್‌ಬ್ಯಾಗ್ ಇಲ್ಲದೆ, ಅಮ್ಮನನ್ನು ಕೂರಿಸಿಕೊಂಡು ಬೆಂಗಳೂರಿನಿಂದ ಬರುವುದು ಆಗದ ಮಾತು. ಮೇಲಿಂದ ದಾಖಲೆಯ ತಲೆನೋವು. ಹಳೇ ಜೀಪುಗಳಲ್ಲಿ ಎಂಜಿನ್ ಬದಲಾಯಿಸಿರುವುದು ತುಂಬಾ ಸಾಮಾನ್ಯ, ಆರ್‌ಸಿಯಲ್ಲಿ ಹಳೇ ನಂಬರೇ ಇರುತ್ತದೆ. ಯಾವತ್ತಾದರೂ ಹಳೇ ಜೀಪು ಕೊಳ್ಳುವುದಾದರೆ ಬಾನೆಟ್ ಎತ್ತಿ ಎಂಜಿನ್ ನಂಬರು, ಚಾಸಿ ನಂಬರು ಎರಡನ್ನೂ ಬಟ್ಟೆಯಲ್ಲಿ ಒರೆಸಿ, ಆರ್‌ಸಿ ಪಕ್ಕಕ್ಕಿಟ್ಟು ಒಂದೊಂದೇ ಅಂಕಿ ಓದಿ. ಮಾರುತಿ ಜಿಪ್ಸಿಗೂ ಇದೇ ಮಾತು. 1985ರಲ್ಲಿ ಬಂದ ಗಾಡಿ, ತೂಕ ಒಂದು ಟನ್ನಿನ ಆಸುಪಾಸು, ಕೆಸರಿನಲ್ಲಿ ಬೆಕ್ಕಿನ ಹಾಗೆ ಹೋಗುತ್ತದೆ. ಹಿಂದೆ ಕೂತವರ ಸೊಂಟ ಮಾತ್ರ ದೇವರೇ ಕಾಯಬೇಕು.

ಥಾರ್. 2020ರ ಅಕ್ಟೋಬರ್ 2ರಂದು ಬಂದ ಮೂರು ಬಾಗಿಲಿನ ಥಾರ್ ನಿಜಕ್ಕೂ ಗಟ್ಟಿಗ. 2.2 ಲೀಟರ್ ಡೀಸೆಲ್ ಎಂಜಿನ್ 300 ನ್ಯೂಟನ್ ಮೀಟರ್ ಕೊಡುತ್ತದೆ, ಅದೂ ಕೆಳಗಿನ ಆರ್‌ಪಿಎಂನಲ್ಲೇ. ಮೂತಿ ಎತ್ತರ ಇರುವುದರಿಂದ 41 ಡಿಗ್ರಿಯಷ್ಟು ನೇರ ಎದ್ದ ದಿಬ್ಬಕ್ಕೂ ಬಂಪರ್ ತಾಗುವುದಿಲ್ಲ. ನೀರಿನಲ್ಲಿ 650 ಮಿ.ಮೀ. ತನಕ ಹೋಗಬಹುದು ಅಂತ ಕಂಪನಿಯೇ ಹೇಳುತ್ತದೆ. ಹೈವೇಯಲ್ಲೂ ಜಿಮ್ನಿಗಿಂತ ಹುರುಪು. ಹಾಗಾದರೆ ಬೇಡ ಯಾಕೆ? ಅಮ್ಮನ ಮಂಡಿ. ಹಿಂದಿನ ಸೀಟಿಗೆ ಹೋಗಬೇಕಾದರೆ ಮುಂದಿನ ಸೀಟು ಮಡಚಿ, ಬಗ್ಗಿ, ತೂರಿಕೊಂಡು ಹೋಗಬೇಕು. ಅಮ್ಮನನ್ನು ಮುಂದೆ ಕೂರಿಸಿದರೆ ನಿಮ್ಮ ಮನೆಯವರು ಪ್ರತಿ ಸಲವೂ ಆ ಸರ್ಕಸ್ ಮಾಡಬೇಕು. ಎರಡನೆಯದು ಅಗಲ. ಥಾರ್ 1,820 ಮಿ.ಮೀ., ಜಿಮ್ನಿ 1,645. ಹದಿನೇಳೂವರೆ ಸೆಂಟಿಮೀಟರ್ ವ್ಯತ್ಯಾಸ. ಒಂದು ಕಡೆ ಬರೆ, ಒಂದು ಕಡೆ ಚರಂಡಿ ಇರುವಾಗ ಅದು ಸಣ್ಣದಲ್ಲ. ಮೂರನೆಯದು ತೂಕ. ಜಿಮ್ನಿ ಸುಮಾರು 1,200 ಕೆ.ಜಿ. ಥಾರ್ ಅದಕ್ಕಿಂತ ಐನೂರು ಕೆ.ಜಿ.ಯಷ್ಟು ಜಾಸ್ತಿ. ಮೆತ್ತಗಿನ ನೆಲದಲ್ಲಿ ಹಗುರ ಗಾಡಿ ಕಡಿಮೆ ಹೂತುಹೋಗುತ್ತದೆ, ಹೂತರೂ ನಾಲ್ಕು ಜನ ತಳ್ಳಿ ತೆಗೆಯುತ್ತಾರೆ. ಇನ್ನೊಂದು ಎಚ್ಚರಿಕೆ: ಬರೀ ಹಿಂದಿನ ಗಾಲಿಯ ಥಾರ್ ಕೂಡ ಮಾರುಕಟ್ಟೆಯಲ್ಲಿದೆ. ನೋಡಲು ಎರಡೂ ಒಂದೇ. ಬೆಲೆ ಕಡಿಮೆ ಅಂತ ಅದನ್ನು ತಂದುಬಿಟ್ಟರೆ ಹಳ್ಳದ ಈಚೆಯೇ ನಿಲ್ಲುತ್ತೀರಿ.

ಐದು ಬಾಗಿಲಿನ ಥಾರ್ ರಾಕ್ಸ್ 2024ರ ಆಗಸ್ಟ್ 15ಕ್ಕೆ ಬಂತು. ಅದು ಕುಟುಂಬಕ್ಕೆ ಸರಿಯಾದ ಗಾಡಿ, ಆದರೆ ಫೋರ್ ವೀಲ್ ಡೀಸೆಲ್ಲಿನಲ್ಲಿ ಮಾತ್ರ ಸಿಗುತ್ತದೆ, ಆನ್‌ರೋಡ್ ನಿಮ್ಮ 18 ಲಕ್ಷದಲ್ಲಿ ಬರುವುದಿಲ್ಲ. ನಮ್ಮ ರಾಜ್ಯದ ಲೈಫ್ ಟ್ಯಾಕ್ಸೇ 10ರಿಂದ 20 ಲಕ್ಷದ ಗಾಡಿಗೆ 17 ಪರ್ಸೆಂಟ್, ಇದನ್ನು ಮರೆತು ಎಕ್ಸ್ ಶೋರೂಮ್ ಬೆಲೆ ನೋಡಿ ಖುಷಿಪಡುವವರು ಜಾಸ್ತಿ. ಸ್ಕಾರ್ಪಿಯೋ ಎನ್ ಫೋರ್ ವೀಲ್ ಕೂಡ ಬಜೆಟ್ ಮೀರುತ್ತದೆ. ಅದರ ಅಗಲ 1,917 ಮಿ.ಮೀ., ನಿಮ್ಮ ತಿರುವಿನಲ್ಲಿ ಎರಡು ಸಲ ರಿವರ್ಸ್ ಗ್ಯಾರಂಟಿ. ಗೂರ್ಖಾ ಬಗ್ಗೆ ನನಗೆ ಪ್ರೀತಿ ಇದೆ. ಎರಡು ಲಾಕು, ಎಂಜಿನ್ನಿಗೆ ಗಾಳಿ ಎಳೆಯಲು ಮೇಲಕ್ಕೆ ಎತ್ತಿದ ಸ್ನಾರ್ಕೆಲ್ ಕೊಳವೆ, 700 ಮಿ.ಮೀ. ನೀರಿನಲ್ಲೂ ಹೋಗುವ ಶಕ್ತಿ. ಆದರೆ ತಿಂಗಳಿಗೆ 12 ಕಿ.ಮೀ. ಮಣ್ಣಿಗೆ ಅದನ್ನು ತರುವುದು ಸೊಳ್ಳೆಗೆ ಕೋವಿ ಹಿಡಿದ ಹಾಗೆ.

ಉಳಿದದ್ದು ಜಿಮ್ನಿ. 2023ರ ಜೂನ್‌ನಲ್ಲಿ ಬಂದಾಗಿನಿಂದ ಅದನ್ನು ಆಟಿಕೆ ಅಂತ ನಕ್ಕವರನ್ನು ತುಂಬಾ ನೋಡಿದ್ದೇನೆ. ನಿಮ್ಮ ದಾರಿಗೆ ಬೇಕಾದದ್ದೆಲ್ಲ ಅದರಲ್ಲಿದೆ: ಲೋ ಗೇರ್, ಗಟ್ಟಿ ಆಕ್ಸಲ್, ಸಪೂರ ಮೈ, ಕಡಿಮೆ ತೂಕ, ನಾಲ್ಕು ಜನಕ್ಕೆ ನಾಲ್ಕು ಬಾಗಿಲು. ಅದರ ದೋಷಗಳನ್ನೂ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನ್ನನ್ನು ಬೈಯಬೇಡಿ. ಸೀಟು ನಾಲ್ಕೇ, ಐದನೆಯವರಿಗೆ ಜಾಗ ಇಲ್ಲ. ಡಿಕ್ಕಿ 208 ಲೀಟರ್, ಅಂದರೆ ಎರಡು ಬ್ಯಾಗು, ಒಂದು ಚೀಲ ಅಕ್ಕಿ, ಅಷ್ಟೇ. ತೋಟದಿಂದ ಬಾಳೆಗೊನೆ, ಹಲಸಿನಹಣ್ಣು ತರುವ ಅಭ್ಯಾಸ ಇದ್ದರೆ ಮೇಲೆ ಕ್ಯಾರಿಯರ್ ಹಾಕಿಸಿ. 105 ಪಿಎಸ್ ಪೆಟ್ರೋಲ್ ಎಂಜಿನ್, ಟರ್ಬೋ ಇಲ್ಲ. ಹಾಸನದ ಹೈವೇಯಲ್ಲಿ 90–100ರಲ್ಲಿ ಆರಾಮ, ಅದಕ್ಕಿಂತ ಜಾಸ್ತಿ ಕೇಳಬೇಡಿ. ಗಟ್ಟಿ ಆಕ್ಸಲ್ಲಿನ ಗಾಡಿಯಾದ್ದರಿಂದ ಸ್ಟೇರಿಂಗ್ ಕಾರಿನಷ್ಟು ಚುರುಕಲ್ಲ. ಮೊದಲ ವಾರ ವಿಚಿತ್ರ ಅನ್ನಿಸುತ್ತದೆ. ಟೆಸ್ಟ್ ಡ್ರೈವಿಗೆ ಒಬ್ಬರೇ ಹೋಗಬೇಡಿ, ನಾಲ್ಕೂ ಜನ ಕೂತು ಒಂದು ಫ್ಲೈಓವರ್ ಹತ್ತಿಸಿ ನೋಡಿ.

ಆಟೋಮ್ಯಾಟಿಕ್ಕಾ ಮ್ಯಾನ್ಯುಯಲ್ಲಾ? ನಾನು ಇಡೀ ಆಯುಷ್ಯ ಗೇರು ಹಾಕಿಕೊಂಡೇ ಬಂದವನು. ಆದರೂ ಹೊಸಬರಿಗೆ ಆಟೋಮ್ಯಾಟಿಕ್ ಅನ್ನುತ್ತೇನೆ. ಏರಿನ ಮಧ್ಯೆ ನಿಂತು ಮತ್ತೆ ಎತ್ತುವಾಗ ಕ್ಲಚ್ ಸುಡುವುದು, ಗಾಡಿ ಹಿಂದೆ ಜಾರುವುದು, ಗಾಬರಿಯಾಗುವುದು ಯಾವುದೂ ಇಲ್ಲ. ಜಿಮ್ನಿಯದು ಹಳೇ ಕಾಲದ 4 ಸ್ಪೀಡಿನ ಗೇರ್‌ಬಾಕ್ಸ್. ಹೈವೇಯಲ್ಲಿ ಲಾರಿ ಹಿಂದೆ ಹಾಕಲು ಒತ್ತಿದಾಗ ಕೂಗುತ್ತದೆ, ಓಡುವುದು ಆಮೇಲೆ. ಕೆಸರಿನಲ್ಲಿ ಮಾತ್ರ ಬೆಣ್ಣೆ. ಡ್ರೈವಿಂಗ್ ಇಷ್ಟಪಡುವವರು ನೀವಾಗಿದ್ದರೆ ಮ್ಯಾನ್ಯುಯಲ್ ತಗೊಳ್ಳಿ, ಲೋ ಗೇರಿನಲ್ಲಿ ಕ್ಲಚ್ಚಿನ ಕೆಲಸ ಹೇಗೂ ಕಡಿಮೆ. ಇಳಿಯುವಾಗ ಎರಡಕ್ಕೂ ಒಂದೇ ನಿಯಮ. ಲೋ ಹಾಕಿ, ಮೊದಲ ಗೇರು, ಮ್ಯಾನ್ಯುಯಲ್ ಆದರೆ ಕಾಲು ಕ್ಲಚ್ಚಿನಿಂದ ದೂರ. ಎಂಜಿನ್ನೇ ತಡೆದು ಇಳಿಸುತ್ತದೆ. ಜಾರು ಇಳಿಜಾರಿನಲ್ಲಿ ಗಟ್ಟಿಯಾಗಿ ಬ್ರೇಕ್ ತುಳಿದರೆ ಗಾಲಿ ನಿಲ್ಲುತ್ತದೆ, ಗಾಡಿ ನಿಲ್ಲುವುದಿಲ್ಲ.

ಹಳ್ಳದ ವಿಷಯದಲ್ಲಿ ಧೈರ್ಯ ಮಾಡಬೇಡಿ. ಜುಲೈನಲ್ಲಿ ಮೊದಲು ಕೋಲು ಹಿಡಿದು ನಡೆದು ದಾಟಿ, ಜಿಗಣೆ ಕಚ್ಚಿದರೂ ಪರವಾಗಿಲ್ಲ. ನೀರು ಮೊಣಕಾಲಿಗೆ ಬಂತು, ಅಥವಾ ಕಾಲನ್ನು ಪಕ್ಕಕ್ಕೆ ತಳ್ಳುತ್ತಿದೆ ಅಂದರೆ ಅವತ್ತು ಕಾಯಿರಿ. ಮೇಲೆ ಮಳೆ ನಿಂತರೆ ಇಂಥ ಹಳ್ಳಗಳು ಬೇಗ ಇಳಿಯುತ್ತವೆ. ಎಂಜಿನ್ ನೀರಿನಲ್ಲಿ ಆಫ್ ಆದರೆ ಮತ್ತೆ ಕೀ ತಿರುಗಿಸಲೇ ಬೇಡಿ. ಒಳಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ನನ್ನೇ ಬಿಚ್ಚಿ ರಿಪೇರಿ ಮಾಡಿಸಬೇಕಾಗುತ್ತದೆ. ಮಳೆಗಾಲ ಮುಗಿದ ಮೇಲೆ ಒಂದು ಸಲ ಡಿಫರೆನ್ಷಿಯಲ್ ಆಯಿಲ್ ತೆಗೆಸಿ ನೋಡಿ. ಬಿಸಿಯಾದ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ ನೀರು ಎಳೆದುಕೊಳ್ಳುತ್ತದೆ. ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಬದಲಾಯಿಸಿ.

ಇನ್ನು ಆ ಏರು. ಗಾಡಿ ಬಗ್ಗೆ ಕೇಳಿದರೆ ರಸ್ತೆ ಕೆಲಸ ಹೇಳುತ್ತಾನಲ್ಲ ಅನ್ನಬೇಡಿ. ತಿರುವಿನಲ್ಲಿ, ಗಾಲಿ ಬರುವ ಜಾಗಕ್ಕೆ ಮಾತ್ರ, ಎರಡು ಪಟ್ಟಿ ಕಾಂಕ್ರೀಟ್ ಹಾಕಿಸಿ. ಪ್ರತಿ ಪಟ್ಟಿ ಎರಡು ಅಡಿ ಅಗಲ, ತಿರುವಿನಲ್ಲಿ ಸ್ವಲ್ಪ ಜಾಸ್ತಿ. ಕೆಳಗೆ ಕಲ್ಲು ಕೂರಿಸಿ. ಮೇಲ್ಮೈಯನ್ನು ನುಣುಪು ಮಾಡಲು ಮೇಸ್ತ್ರಿಗೆ ಬಿಡಬೇಡಿ, ಹಸಿ ಇರುವಾಗಲೇ ಅಡ್ಡಡ್ಡ ಗೀರು ಹಾಕಿಸಿ. ಮೇಲಿನಿಂದ ಬರುವ ನೀರು ಜಾಡಿನಲ್ಲಿ ಹರಿಯದ ಹಾಗೆ ಅಡ್ಡ ಚರಂಡಿ ತೆಗೆಸಿ ಪಕ್ಕಕ್ಕೆ ತಿರುಗಿಸಿ. ದಾರಿ ಹಾಳಾಗಲು ನೀರೇ ಕಾರಣ, ಗಾಡಿಗಳಲ್ಲ. ಜಾಗ ನಿಮ್ಮದಲ್ಲದಿದ್ದರೆ ಪಕ್ಕದ ತೋಟದವರನ್ನು, ಪಂಚಾಯಿತಿಯನ್ನು ಕೇಳಿಯೇ ಮಾಡಿ. ಅರಣ್ಯದ ಜಾಗವಾದರೆ ಕೈ ಹಾಕಬೇಡಿ. ಈ ಕೆಲಸ ಫೆಬ್ರವರಿ, ಮಾರ್ಚ್‌ನಲ್ಲಿ ಆದರೆ ಒಳ್ಳೆಯದು. ಆಮೇಲೆ ಸಾಮಾನು ತರುವ ಪಿಕಪ್ಪೂ ಬರುತ್ತದೆ, ರೈಟರ ಬೈಕೂ ಜಾರುವುದಿಲ್ಲ.

ದುಡ್ಡು ಉಳಿದರೆ ಗಾಡಿಗೆ ಏನೇನೋ ಹಾಕಿಸುವ ಆಸೆ ಬರುತ್ತದೆ. ಮುಂದೆ ಕಬ್ಬಿಣದ ಬುಲ್ ಬಾರ್ ಬೇಡ. ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ, ಏರ್‌ಬ್ಯಾಗ್ ಸರಿಯಾದ ಹೊತ್ತಿಗೆ ತೆರೆಯುವುದಕ್ಕೂ ಅದು ಅಡ್ಡಿ. ಗಾಡಿ ಎತ್ತರಿಸುವ ಲಿಫ್ಟ್ ಕಿಟ್ ಬೇಡ. ಒಂದು ಒಳ್ಳೆಯ ಎಳೆಯುವ ಬೆಲ್ಟು, ಅದನ್ನು ಗಾಡಿಗೆ ಸಿಕ್ಕಿಸಲು ಎರಡು ಡಿ ಶ್ಯಾಕಲ್ ಕೊಂಡಿ, ಒಂದು ಸಣ್ಣ ಗುದ್ದಲಿ, ಕತ್ತಿ ಇಷ್ಟು ಸಾಕು. ಮಳೆಗಾಲದಲ್ಲಿ ಗುದ್ದಲಿಗಿಂತ ಕತ್ತಿಗೇ ಕೆಲಸ ಜಾಸ್ತಿ, ದಾರಿಗೆ ಬಿದ್ದ ಕೊಂಬೆ ಕಡಿಯಬೇಕಲ್ಲ.

ಕೊನೆಗೆ ಅಮ್ಮ. ಜಿಮ್ನಿಯ ನೆಲ ಕಾರಿಗಿಂತ ಎತ್ತರ, ಮಂಡಿ ನೋವಿನವರಿಗೆ ಒಂದೇ ಹೆಜ್ಜೆಗೆ ಹತ್ತಲು ಕಷ್ಟ. ಪಕ್ಕಕ್ಕೆ ಕಬ್ಬಿಣದ ಫುಟ್‌ಸ್ಟೆಪ್ ಹಾಕಿಸಲು ಹೋಗಬೇಡಿ, ಅದು ಕಲ್ಲಿಗೆ ಬಡಿಯುವ ಜಾಗದಲ್ಲೇ ಬರುತ್ತದೆ. ನಮ್ಮ ಜೀಪಿನಲ್ಲಿ ನಮ್ಮಮ್ಮ ಬಚ್ಚಲಿನ ಪ್ಲಾಸ್ಟಿಕ್ ಸ್ಟೂಲಿಗೆ ಒಂದು ಮಾರು ಹಗ್ಗ ಕಟ್ಟಿಸಿಕೊಂಡಿದ್ದರು. ಸ್ಟೂಲು ನೆಲಕ್ಕೆ ಇಡುವುದು, ಹತ್ತಿ ಕೂರುವುದು, ಹಗ್ಗ ಎಳೆದು ಸ್ಟೂಲನ್ನು ಕಾಲ ಹತ್ತಿರ ಇಟ್ಟುಕೊಳ್ಳುವುದು. ಇಳಿಯುವಾಗ ಯಾರನ್ನೂ ಕರೆಯುತ್ತಿರಲಿಲ್ಲ, ಅವರೇ ಹಗ್ಗ ಬಿಟ್ಟು ಸ್ಟೂಲು ಇಳಿಸುತ್ತಿದ್ದರು. ನಿಮ್ಮ ಅಮ್ಮನನ್ನು ಶೋರೂಮಿಗೆ ಕರೆದುಕೊಂಡು ಹೋಗುವಾಗ ಅಂಥದ್ದೊಂದು ಸ್ಟೂಲನ್ನೂ ತಗೊಂಡು ಹೋಗಿ. ಎಡಬಾಗಿಲಿನಲ್ಲಿ ಎರಡು ಸಲ, ಹಿಂದಿನ ಬಾಗಿಲಿನಲ್ಲಿ ಎರಡು ಸಲ ಹತ್ತಿ ಇಳಿಯಲಿ. ಅವರು ಯಾವ ಸೀಟು ಹೇಳುತ್ತಾರೋ ಅದು ಅವರದು.